ಕ್ರಮವಾಗಿ

ಕೆಲವು ಮಾತುಗಳು ವಾಕ್ಯದೊಳಗೆ ಇದ್ದೂ ಇಲ್ಲದಂತೆ ಇರುತ್ತವೆ. ಓದುವವರ ಕಣ್ಣು ಅವುಗಳ ಮೇಲೆ ನಿಲ್ಲುವುದಿಲ್ಲ. ಆದರೆ ಅವುಗಳನ್ನು ತೆಗೆದುಬಿಟ್ಟರೆ ವಾಕ್ಯದ ಅರ್ಥವೇ ಕದಡಿಹೋಗುತ್ತದೆ. ‘ಕ್ರಮವಾಗಿ’ ಎಂಬುದು ಅಂತಹ ಒಂದು ಮಾತು. ‘ಓಟದ ಪಂದ್ಯದಲ್ಲಿ ಗೆದ್ದ ಕಮಲ, ಸಲೀಮ, ಜಯಣ್ಣ ಇವರಿಗೆ ಕ್ರಮವಾಗಿ ಪುಸ್ತಕ, ಲೇಖನಿ, ಕೈಚೀಲಗಳನ್ನು ಬಹುಮಾನವಾಗಿ ಕೊಡಲಾಯಿತು’ ಎಂದು ಶಾಲೆಯ ವಾರ್ಷಿಕ ವರದಿಯಲ್ಲಿ ಬರೆಯುತ್ತೇವೆ. ಇಲ್ಲಿ ಹೆಸರುಗಳದೊಂದು ಸಾಲು, ವಸ್ತುಗಳದೊಂದು ಸಾಲು. ಕಮಲಳಿಗೆ ಪುಸ್ತಕ ಬಂದಿತೆಂದು ಎಲ್ಲಿಯೂ ಹೇಳಿಲ್ಲ. ಆಕೆ ತನ್ನ ಸಾಲಿನಲ್ಲಿ ಮೊದಲನೆಯವಳು, ಪುಸ್ತಕ ತನ್ನ ಸಾಲಿನಲ್ಲಿ ಮೊದಲನೆಯದು. ಅಷ್ಟರಿಂದಲೇ ಇಬ್ಬರಿಗೂ ನಂಟು ಬೆಳೆಯಿತು. ಆ ನಂಟನ್ನು ಕಟ್ಟಿದ ದಾರ ‘ಕ್ರಮವಾಗಿ’ ಎಂಬ ಒಂದೇ ಮಾತು.

ವ್ಯಾಕರಣದ ಪಾಠದಲ್ಲಿ ನೀವು ಈ ಮಾತನ್ನು ಎಷ್ಟೋ ಬಾರಿ ಓದಿದ್ದೀರಿ. ಆದೇಶ ಸಂಧಿಯನ್ನೇ ನೆನೆದುಕೊಳ್ಳಿ. ಉತ್ತರಪದದ ಮೊದಲಿನಲ್ಲಿರುವ ಕ, ತ, ಪ ಎಂಬ ವ್ಯಂಜನಗಳಿಗೆ ಕ್ರಮವಾಗಿ ಗ, ದ, ಬ ಎಂಬುವು ಆದೇಶವಾಗಿ ಬರುತ್ತವೆ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಮೂರಕ್ಕೆ ಮೂರು, ಒಂದಕ್ಕೆ ಒಂದು. ಈಗ ‘ಕ್ರಮವಾಗಿ’ ಎಂಬುದನ್ನು ಅಳಿಸಿ, ಕ, ತ, ಪ ಗಳಿಗೆ ಗ, ದ, ಬ ಗಳು ಬರುತ್ತವೆ ಎಂದಷ್ಟೇ ಹೇಳಿದೆವೆನ್ನಿ. ಕನ್ನಡವನ್ನು ಹೊಸದಾಗಿ ಕಲಿಯುವ ಹೊರಗಿನವನೊಬ್ಬ ‘ಮಳೆದಾಲ’ ಎಂದೋ ‘ಮಳೆಬಾಲ’ ಎಂದೋ ಬರೆದರೆ ಅವನನ್ನು ತಪ್ಪೆನ್ನುವುದು ಹೇಗೆ? ನಿಯಮ ಅವನನ್ನು ತಡೆಯಲಿಲ್ಲ. ಮೂರು ಅಕ್ಷರಗಳಿಗೆ ಮೂರು ಆದೇಶಗಳೆಂದರೆ, ಕ್ರಮವಿದ್ದಾಗ ಮೂರು ಜೋಡಿಗಳು; ಕ್ರಮವಿಲ್ಲದಿದ್ದಾಗ ಒಂಬತ್ತು. ಮಳೆಗೆ ಬಾಲ ಮೂಡುವುದು ಆ ಒಂಬತ್ತರಲ್ಲಿ.

ಹಾಗೆಂದು ಎಲ್ಲವನ್ನೂ ಎಲ್ಲದರೊಡನೆ ಕೂಡಿಸುವುದು ಯಾವಾಗಲೂ ತಪ್ಪೆಂದು ತಿಳಿಯಬಾರದು. ಕಾಗುಣಿತ ನಡೆಯುವುದೇ ಹಾಗೆ. ಕಕಾರ ಎಲ್ಲ ಸ್ವರಗಳೊಡನೆಯೂ ಕೂಡಿ ಕ, ಕಾ, ಕಿ, ಕೀ ಎಂದು ಸಾಗುತ್ತದೆ. ಅದರ ಸರದಿ ಮುಗಿದ ಮೇಲೆ ಖಕಾರ ಮತ್ತೆ ಮೊದಲಿನ ಸ್ವರದಿಂದ ಹೊರಡುತ್ತದೆ. ಅಲ್ಲಿ ಒಂದು ವ್ಯಂಜನಕ್ಕೆ ಒಂದೇ ಸ್ವರವೆಂದು ಕಟ್ಟಿಹಾಕಿದರೆ ಭಾಷೆಯೇ ನಿಂತುಹೋದೀತು. ಕಾಗುಣಿತದ ಕೂಟ ಒಂದು ಬಗೆ, ಆದೇಶ ಸಂಧಿಯ ಜೋಡಿ ಇನ್ನೊಂದು ಬಗೆ. ಯಾವುದು ಎಲ್ಲಿ ಬೇಕೆಂದು ಅರಿಯುವುದೇ ಮುಖ್ಯ.

ಈ ಸೂಕ್ಷ್ಮವನ್ನು ನಮ್ಮ ಹಿರಿಯ ವೈಯಾಕರಣರು ಬಹಳ ಹಿಂದೆಯೇ ಕಂಡಿದ್ದರು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು 4000 ಸೂತ್ರಗಳಿವೆ. ಒಂದಕ್ಷರ ಉಳಿದರೂ ಸಂತೋಷಪಡುವಷ್ಟು ಮಿತವ್ಯಯದಿಂದ ಹೆಣೆದ ಗ್ರಂಥ ಅದು. ಅಂಥವನು ಮೊದಲನೆಯ ಅಧ್ಯಾಯದ ಮೂರನೆಯ ಪಾದದ ಹತ್ತನೆಯ ಸೂತ್ರವನ್ನು ಈ ಒಂದು ವಿಷಯಕ್ಕೆಂದೇ ಮೀಸಲಿಟ್ಟಿದ್ದಾನೆ. ಅದರ ತಾತ್ಪರ್ಯ ಇಷ್ಟು: ಸಮಸಂಖ್ಯೆಯ ಎರಡು ಗುಂಪುಗಳನ್ನು ಹೇಳಿದ್ದರೆ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂಬಂತೆ ಅವುಗಳ ಸಂಬಂಧವನ್ನು ತಿಳಿಯಬೇಕು. ಒಮ್ಮೆ ಇದನ್ನು ಹೇಳಿಬಿಟ್ಟನಾದ್ದರಿಂದ, ಮುಂದೆ ಆರನೆಯ ಅಧ್ಯಾಯದಲ್ಲಿ ಸ್ವರ ಪರವಾದಾಗ ಏ, ಓ, ಐ, ಔ ಗಳಿಗೆ ಅಯ್, ಅವ್, ಆಯ್, ಆವ್ ಎಂಬುವು ಬರುತ್ತವೆಂದು ಹೇಳುವಾಗ ‘ಕ್ರಮವಾಗಿ’ ಎಂಬ ಮಾತನ್ನು ಮತ್ತೆ ಸೇರಿಸುವ ಶ್ರಮ ಅವನಿಗೆ ಬೇಕಾಗಲಿಲ್ಲ. ನಯನ, ಪವನ, ನಾಯಕ, ಪಾವಕ ಎಂಬ ನಾಲ್ಕು ಶಬ್ದಗಳು ಹುಟ್ಟಿದ್ದು ಆ ನಾಲ್ಕು ಜೋಡಿಗಳಿಂದಲೇ.

ಆ ಸೂತ್ರದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ‘ಸಮಸಂಖ್ಯೆಯ’ ಎಂಬ ವಿಶೇಷಣ. ಎಣಿಕೆ ಸರಿಹೋಗಬೇಕು, ಹೋಗದಿದ್ದರೆ ನಿಯಮ ಅನ್ವಯಿಸುವುದಿಲ್ಲ. ನಿಮ್ಮ ಯಣ್ ಸಂಧಿಯ ಪಾಠವನ್ನು ತೆಗೆದು ನೋಡಿ. ಅಲ್ಲಿ ಒಂದು ಕಡೆ ಇ, ಈ, ಉ, ಊ, ಋ ಎಂಬ ಐದು. ಇನ್ನೊಂದು ಕಡೆ ಯ, ವ, ರ ಎಂಬ ಮೂರು. ಐದಕ್ಕೂ ಮೂರಕ್ಕೂ ಕ್ರಮವಾಗಿ ಎನ್ನಲು ಬರುವುದಿಲ್ಲ. ಆದ್ದರಿಂದ ಎಚ್ಚರವುಳ್ಳ ಪಾಠಕಾರರು ಇ, ಈ ಗಳಿಗೆ ಯಕಾರವೂ, ಉ, ಊ ಗಳಿಗೆ ವಕಾರವೂ, ಋಕಾರಕ್ಕೆ ರಕಾರವೂ ಎಂದು ಬಿಡಿಸಿಯೇ ಹೇಳುತ್ತಾರೆ. ಅತ್ಯಂತ, ಮನ್ವಂತರ, ಪಿತ್ರಾರ್ಜಿತ ಎಂಬ ಉದಾಹರಣೆಗಳನ್ನು ಬಾಯಿಪಾಠ ಮಾಡುವ ಭರದಲ್ಲಿ ನಾವು ಈ ಎಚ್ಚರವನ್ನು ಗಮನಿಸುವುದೇ ಇಲ್ಲ.

ಕವಿಗಳೂ ಇದನ್ನು ಬಿಟ್ಟವರಲ್ಲ. ಬೇಸಗೆ, ಮಳೆ, ಚಳಿ ಎಂದು ಮೊದಲು ಹೇಳಿ, ಆಮೇಲೆ ನೆರಳು, ಕೊಡೆ, ಕಂಬಳಿ ಎಂದು ಅದೇ ಓಳಿಯಲ್ಲಿ ಹೇಳಿದರೆ ಅದು ಯಥಾಸಂಖ್ಯಾಲಂಕಾರ. ಕ್ರಮಾಲಂಕಾರವೆಂದೂ ಅದಕ್ಕೆ ಹೆಸರುಂಟು. ಅಲಂಕಾರಗಳಲ್ಲಿ ಅದು ಅಷ್ಟೇನೂ ಬೆಡಗಿನದಲ್ಲ. ಅದರ ವಿಚಾರ ಇಷ್ಟು ಸಾಕು.

ಇಷ್ಟೆಲ್ಲ ಹಳೆಯ ಮಾತನ್ನು ನಾನು ಮತ್ತೆ ಕೆದಕಿದ್ದಕ್ಕೆ ಕಾರಣ ಒಂದು ಹೊಸ ವಿದ್ಯೆ. ನನ್ನ ಮೊಮ್ಮಗಳು ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿ ಓದುತ್ತಾಳೆ. ಬಿಡುವಿನಲ್ಲಿ ಕಂಪ್ಯೂಟರಿಗೆ ಕ್ರಮವಿಧಿ ಬರೆಯುವುದನ್ನು ಕಲಿಯುತ್ತಿದ್ದಾಳೆ. ಪ್ರೋಗ್ರಾಂ ಎಂಬ ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ ಕ್ರಮವಿಧಿ ಎಂಬ ಹೆಸರನ್ನು ಯಾರು ಇಟ್ಟರೋ, ಅವರ ಕಿವಿ ಚೆನ್ನಾಗಿದ್ದಿರಬೇಕು. ಅವಳು ಕಲಿಯುವ ಭಾಷೆಯ ಹೆಸರು ಪೈಥಾನ್. ಡಚ್ ದೇಶದ ಗೀಡೊ ವಾನ್ ರೋಸಮ್ ಎಂಬಾತ ರಚಿಸಿ 1991ರಲ್ಲಿ ಮೊದಲು ಹೊರತಂದದ್ದು. ಹೆಸರನ್ನು ಕೇಳಿ ಹೆಬ್ಬಾವನ್ನು ನೆನೆಯಬೇಕಾಗಿಲ್ಲ. ಬ್ರಿಟಿಷ್ ದೂರದರ್ಶನದ ಒಂದು ಹಾಸ್ಯ ಕಾರ್ಯಕ್ರಮದ ಹೆಸರಿನಿಂದ ಆತ ಅದನ್ನು ಆಯ್ದುಕೊಂಡ. 2008ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಿಂದ ಈಚೆಗೆ ಪಟ್ಟಿಗಳಿಗೆ ‘ಹೆಸರುಗಳು’, ‘ಅಂಕಗಳು’ ಎಂದು ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. ಅಪ್ಪಣೆಯ ಶಬ್ದಗಳು ಮಾತ್ರ ಇಂಗ್ಲಿಷಿನವು. ಮೊಮ್ಮಗಳು ಹಾಗೆಯೇ ಕನ್ನಡದಲ್ಲಿ ಬರೆದಿದ್ದಳು. ನನ್ನನ್ನು ಸಂತೋಷಪಡಿಸಲೆಂದೇ ಬರೆದಳೋ ಏನೋ, ನಾನು ಕೇಳಲಿಲ್ಲ.

ಅವಳಿಗೆ ಕೊಟ್ಟಿದ್ದ ಅಭ್ಯಾಸ ಸರಳವಾದದ್ದು. ಒಂದು ತರಗತಿಯ ವಿದ್ಯಾರ್ಥಿಗಳ ಹೆಸರುಗಳದೊಂದು ಪಟ್ಟಿ, ಅವರು ಪಡೆದ ಅಂಕಗಳದೊಂದು ಪಟ್ಟಿ. ಪ್ರತಿಯೊಬ್ಬರ ಹೆಸರನ್ನೂ ಅವರ ಅಂಕವನ್ನೂ ಒಂದೇ ಸಾಲಿನಲ್ಲಿ ಅಚ್ಚುಮಾಡಬೇಕು. ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ಎತ್ತಿಕೊಂಡು, ಪ್ರತಿಯೊಂದಕ್ಕೂ ಅದೇ ಕೆಲಸವನ್ನು ಮಾಡುವುದಕ್ಕೆ ಲೂಪ್ ಎನ್ನುತ್ತಾರೆ. ಉಪಾಧ್ಯಾಯರು ಹಾಜರಿ ಕೂಗುವುದನ್ನು ನೆನೆದರೆ ಅದರ ಚಿತ್ರ ಕಣ್ಣಿಗೆ ಕಟ್ಟುತ್ತದೆ: ಹೆಸರು ಕೂಗುವುದು, ಉತ್ತರ ಕೇಳುವುದು, ಗುರುತು ಹಾಕುವುದು, ಮುಂದಿನ ಹೆಸರಿಗೆ ಹೋಗುವುದು. ಒಂದು ಪಟ್ಟಿಯ ಮೇಲೆ ಹೀಗೆ ನಡೆಯುವುದು ಕಷ್ಟವಲ್ಲ. ಎರಡು ಪಟ್ಟಿಗಳ ಮೇಲೆ ಒಮ್ಮೆಗೇ ನಡೆಯುವುದು ಹೇಗೆ?

ಹೊಸಬರು ಸಾಮಾನ್ಯವಾಗಿ ಒಂದು ಲೂಪಿನ ಹೊಟ್ಟೆಯೊಳಗೆ ಇನ್ನೊಂದು ಲೂಪನ್ನು ಇಡುತ್ತಾರಂತೆ. ಅವಳೂ ಹಾಗೆಯೇ ಇಟ್ಟಳು. ಐದು ಹೆಸರು, ಐದು ಅಂಕಗಳಿದ್ದ ಅಭ್ಯಾಸದಿಂದ ಇಪ್ಪತ್ತೈದು ಸಾಲುಗಳು ಹೊರಬಿದ್ದವು. ಪ್ರತಿಯೊಬ್ಬನಿಗೂ ಎಲ್ಲರ ಅಂಕಗಳೂ ದೊರೆತಿದ್ದವು. ನಲವತ್ತಮೂರು ಮಂದಿಯ ತರಗತಿಯಾಗಿದ್ದರೆ 1849 ಸಾಲುಗಳಾಗುತ್ತಿದ್ದವು. ಇದು ಕಾಗುಣಿತವಲ್ಲವೆ? ಬೇಕಾಗಿದ್ದದ್ದು ಆದೇಶ ಸಂಧಿ. ನಾನು ಹಾಗೆಂದಾಗ ಅವಳು ನಗಲಿಲ್ಲ. ತುಸು ಯೋಚಿಸಿ, ‘ಹೌದು’ ಎಂದಳು.

ಎರಡನೆಯ ದಾರಿ ಸ್ಥಾನಸಂಖ್ಯೆಯದು. ಎರಡು ಪಟ್ಟಿಗಳನ್ನೂ ಬಿಟ್ಟು ಸಂಖ್ಯೆಗಳ ಮೇಲೆ ನಡೆಯುವುದು. ಪ್ರತಿ ಹೆಜ್ಜೆಯಲ್ಲಿಯೂ ಆ ಸಂಖ್ಯೆಯ ಸ್ಥಾನದಲ್ಲಿರುವ ಹೆಸರನ್ನೂ ಅದೇ ಸ್ಥಾನದಲ್ಲಿರುವ ಅಂಕವನ್ನೂ ತೆಗೆದುಕೊಳ್ಳುವುದು. ಇಲ್ಲಿ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆಂಬುದು ಹೊಸಬರಿಗೆ ಒಂದು ಸಣ್ಣ ಎಡರು. ಮೊದಲನೆಯ ವಿದ್ಯಾರ್ಥಿ ಸೊನ್ನೆಯ ಮನೆಯಲ್ಲಿ, ನಲವತ್ತಮೂರನೆಯವನು ನಲವತ್ತೆರಡರ ಮನೆಯಲ್ಲಿ. ದಾರಿ ಸರಿಯಾದದ್ದೇ, ಆದರೆ ಸಾಗುವವನ ಗಮನವೆಲ್ಲ ಮೈಲಿಗಲ್ಲಿನ ಮೇಲೆಯೇ ಇರಬೇಕಾಗುತ್ತದೆ.

ಮೂರನೆಯದು ಪೈಥಾನಿನಲ್ಲಿ ಇದಕ್ಕೆಂದೇ ಇರುವ ಜಿಪ್ ಎಂಬ ಸಾಧನ. ನಿಮ್ಮ ಪುಸ್ತಕದ ಚೀಲದಲ್ಲಿದೆಯಲ್ಲ, ಅದೇ ಜಿಪ್. ಚೀಲದ ಎರಡು ಅಂಚುಗಳಲ್ಲಿ ಎರಡು ಸಾಲು ಹಲ್ಲುಗಳು. ನಡುವೆ ಒಂದು ಎಳೆಯುವ ಗುಂಡಿ. ಗುಂಡಿ ಸರಿದಂತೆಲ್ಲ ಆಚೆಯ ಒಂದು ಹಲ್ಲು, ಈಚೆಯ ಒಂದು ಹಲ್ಲು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಗಿಡಿಯನ್ ಸುಂಡ್‌ಬ್ಯಾಕ್ ಎಂಬ ಎಂಜಿನಿಯರನಿಗೆ ಇದರ ಸುಧಾರಿತ ರೂಪಕ್ಕೆ 1917ರಲ್ಲಿ ಪೇಟೆಂಟ್ ದೊರೆಯಿತು. ಕ್ರಮವಿಧಿಯ ಭಾಷೆಗಳಲ್ಲಿ ಹ್ಯಾಸ್ಕೆಲ್ ಮೊದಲಾದವುಗಳಲ್ಲಿ ಜಿಪ್ ಎಂಬ ಸಾಧನ ಮೊದಲೇ ಇದ್ದಿತು. ಪೈಥಾನಿಗೆ ಅದು 2000ದಲ್ಲಿ ಬಂದ 2.0 ಆವೃತ್ತಿಯೊಡನೆ ಸೇರಿಕೊಂಡಿತು. ‘ಹೆಸರುಗಳು, ಅಂಕಗಳು ಎಂಬ ಎರಡು ಪಟ್ಟಿಗಳನ್ನು ಜಿಪ್ ಮಾಡಿ, ಅದರಿಂದ ಬರುವ ಪ್ರತಿಯೊಂದು ಹೆಸರು–ಅಂಕದ ಜೋಡಿಯನ್ನೂ ಅಚ್ಚುಮಾಡು’ ಎಂದು ಎರಡು ಸಾಲು ಬರೆದರೆ ಕೆಲಸ ಮುಗಿಯಿತು. ಚೀಲದ ಜಿಪ್ಪಿಗೆ ಎರಡೇ ಅಂಚು. ಪೈಥಾನಿನ ಜಿಪ್ಪಿಗೆ ಮೂರು, ನಾಲ್ಕು, ಹತ್ತು ಪಟ್ಟಿಗಳನ್ನಾದರೂ ಕೊಡಬಹುದು. ಹೆಸರು, ಕನ್ನಡದ ಅಂಕ, ಗಣಿತದ ಅಂಕ, ಹಾಜರಿಯ ದಿನ ಎಲ್ಲವೂ ಹೆಗಲಿಗೆ ಹೆಗಲು ಕೊಟ್ಟು ಹೆಜ್ಜೆಹಾಕುತ್ತವೆ. ನನಗೆ ಅದನ್ನು ಕಂಡೊಡನೆ ಪಾಣಿನಿಯ ಸೂತ್ರ ನೆನಪಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಒಂದು ವ್ಯತ್ಯಾಸ ಮಾತ್ರ ಇದೆ, ಅದು ಸಣ್ಣದಲ್ಲ. ಪಾಣಿನಿ ಎಣಿಕೆ ಸಮವಾಗಿರಬೇಕೆಂದ. ಜಿಪ್ ಹಾಗೆ ಕೇಳುವುದಿಲ್ಲ. ಒಂದು ಪಟ್ಟಿ ಚಿಕ್ಕದಾಗಿದ್ದರೆ, ಅದು ಮುಗಿದ ಕಡೆಯಲ್ಲಿ ತಾನೂ ನಿಂತುಬಿಡುತ್ತದೆ. ಇನ್ನೊಂದು ಪಟ್ಟಿಯಲ್ಲಿ ಉಳಿದವರು ಏನಾದರೆಂದು ಹೇಳುವುದಿಲ್ಲ, ದೂರುವುದಿಲ್ಲ, ಸದ್ದನ್ನೇ ಮಾಡುವುದಿಲ್ಲ. ಹೆಸರುಗಳು ನಲವತ್ತಮೂರು, ಅಂಕಗಳು ನಲವತ್ತೆರಡು ಇದ್ದರೆ ನಲವತ್ತೆರಡು ಸಾಲುಗಳು ನೀಟಾಗಿ ಅಚ್ಚಾಗುತ್ತವೆ. ಕೊನೆಯ ವಿದ್ಯಾರ್ಥಿ ಜಗತ್ತಿನಲ್ಲಿಯೇ ಇರಲಿಲ್ಲವೆಂಬಂತೆ ಮಾಯವಾಗುತ್ತಾನೆ. ಮೊಮ್ಮಗಳು ಇದನ್ನು ವಿವರಿಸಿ, ‘ಒಬ್ಬನ ಹೆಸರು ತಾನೆ ಬಿಟ್ಟುಹೋಗುವುದು, ತಾತ’ ಎಂದಳು. ಒಬ್ಬನದಷ್ಟೇ ಅಲ್ಲವೆಂದು ನಾನು ಬಲ್ಲೆ. ಅವಳಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

1980ರ ದಶಕದಲ್ಲಿ ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ನಡೆದ ಸಂಗತಿ. ಆಗ ಕಂಪ್ಯೂಟರಿನ ಮಾತೇ ಇರಲಿಲ್ಲ. ವಾರ್ಷಿಕ ಪರೀಕ್ಷೆಯ ಗಣಿತದ ಉತ್ತರಪತ್ರಿಕೆಗಳನ್ನು ಕ್ರಮಸಂಖ್ಯೆಯಂತೆ ಜೋಡಿಸಿ ಕಟ್ಟಿಟ್ಟಿದ್ದರು. ಒಬ್ಬರು ಕಟ್ಟನ್ನು ಬಿಚ್ಚಿ ಒಂದೊಂದೇ ಪತ್ರಿಕೆಯ ಅಂಕವನ್ನು ಓದುತ್ತ ಹೋದರು. ಇನ್ನೊಬ್ಬರು ಹೆಸರುಗಳನ್ನು ಮೊದಲೇ ಬರೆದಿಟ್ಟಿದ್ದ ದೊಡ್ಡ ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ತುಂಬುತ್ತ ಹೋದರು. ಓದಿದವರು ಅಂಕವನ್ನು ಮಾತ್ರ ಓದಿದರು, ಕ್ರಮಸಂಖ್ಯೆಯನ್ನು ಓದಲಿಲ್ಲ. ಬೇಗ ಮುಗಿಯಲೆಂಬ ಆತುರ. ಆ ತರಗತಿಯಲ್ಲಿ ನಲವತ್ತಮೂರು ಮಂದಿ. ಹದಿನೇಳನೆಯ ಸಂಖ್ಯೆಯ ಹುಡುಗಿ ವಿಷಮಶೀತ ಜ್ವರದಿಂದ ಮಲಗಿದ್ದು ಆ ದಿನ ಪರೀಕ್ಷೆಗೆ ಬಂದಿರಲಿಲ್ಲ. ಕಟ್ಟಿನಲ್ಲಿ ಅವಳ ಪತ್ರಿಕೆ ಇರಲಿಲ್ಲ. ಅದರ ಜಾಗದಲ್ಲಿ ಒಂದು ಚೀಟಿಯನ್ನಾದರೂ ಯಾರೂ ಇಟ್ಟಿರಲಿಲ್ಲ.

ಆದುದನ್ನು ನೀವೇ ಊಹಿಸಬಹುದು. ಹದಿನಾರರವರೆಗೆ ಎಲ್ಲ ಸರಿ. ಹದಿನೇಳರ ಎದುರಿಗೆ ಹದಿನೆಂಟನೆಯವನ 61 ಬಂದು ಕುಳಿತಿತು. ಹದಿನೆಂಟರ ಎದುರಿಗೆ ಹತ್ತೊಂಬತ್ತನೆಯವಳದು. ಹೀಗೆ ಪ್ರತಿಯೊಬ್ಬರ ಅಂಕವೂ ಒಂದೊಂದು ಮೆಟ್ಟಿಲು ಮೇಲೆ ಸರಿದು, ಕೊನೆಗೆ ನಲವತ್ತಮೂರನೆಯ ಹುಡುಗನ ಎದುರಿಗೆ ಏನೂ ಉಳಿಯಲಿಲ್ಲ. ಆಗಲಾದರೂ ಸಂದೇಹ ಬರಬೇಕಿತ್ತಲ್ಲವೆ? ಬರಲಿಲ್ಲ. ಪರೀಕ್ಷಾ ಕೊಠಡಿಯ ವರದಿಯಲ್ಲಿ ‘ಗೈರುಹಾಜರು: ಒಬ್ಬರು’ ಎಂದಿತ್ತು. ಹಾಳೆಯಲ್ಲಿಯೂ ಒಂದೇ ಜಾಗ ಖಾಲಿ. ಲೆಕ್ಕ ಸರಿಹೋಯಿತೆಂದು ನಲವತ್ತಮೂರರ ಎದುರಿಗೆ ಗೈರುಹಾಜರೆಂದು ಬರೆದು ರುಜು ಹಾಕಿದರು. ಒಟ್ಟು ಅಂಕಗಳನ್ನು ಕೂಡಿ ನೋಡಿದರೂ ಸರಿ, ಸರಾಸರಿ ತೆಗೆದು ನೋಡಿದರೂ ಸರಿ. ಮೊತ್ತಕ್ಕೆ ಯಾವ ಊನವೂ ಇಲ್ಲ. ಇಪ್ಪತ್ತೇಳು ಮಕ್ಕಳ ಪಾಲಿಗೆ ಮಾತ್ರ ಒಂದೂ ಸರಿಯಲ್ಲ.

ಫಲಿತಾಂಶವನ್ನು ಹಲಗೆಯ ಮೇಲೆ ಅಂಟಿಸಿದರು. ಇಪ್ಪತ್ತೆರಡನೆಯ ಸಂಖ್ಯೆಯ ಹುಡುಗ ನಿಜವಾಗಿ ಪಡೆದಿದ್ದದ್ದು 58. ಅವನ ಎದುರಿಗೆ ಇಪ್ಪತ್ತಮೂರನೆಯವನ 19 ಬಂದು ಬಿದ್ದಿತ್ತು. ಅವನ ತಂದೆ ಮರ ಕೊಯ್ಯುವ ಕಾರ್ಖಾನೆಯಲ್ಲಿ ಕೂಲಿ. ಓದು ಹತ್ತಲಿಲ್ಲವೆಂದು ಬೇಸತ್ತು ಮರುದಿನದಿಂದಲೇ ಮಗನನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಇಪ್ಪತ್ತಮೂರನೆಯವನ ಮನೆಯಲ್ಲಿ, ಮಗ ಗಣಿತದಲ್ಲಿ ಕೂಡ ತೇರ್ಗಡೆಯಾದನೆಂದು ಬೀದಿಗೆಲ್ಲ ಬೆಲ್ಲ ಹಂಚಿದರು.

ನಾಲ್ಕನೆಯ ದಿನ ಆ ಹದಿನೇಳನೆಯ ಹುಡುಗಿ, ಇನ್ನೂ ಪೂರ್ತಿ ಗುಣವಾಗದ ಮುಖದಲ್ಲಿ, ತನ್ನ ಅಜ್ಜಿಯ ಕೈ ಹಿಡಿದುಕೊಂಡು ಶಾಲೆಗೆ ಬಂದಳು. ‘ನನಗೆ ಗಣಿತದಲ್ಲಿ 61 ಬಂದಿದೆ ಎಂದು ಗೆಳತಿ ಹೇಳಿದಳು, ನಾನು ಆ ಪರೀಕ್ಷೆಯನ್ನು ಬರೆದೇ ಇಲ್ಲ’ ಎಂದಳು. ಸುಮ್ಮನಿದ್ದಿದ್ದರೆ ಅವಳು ಮುಂದಿನ ತರಗತಿಗೆ ಹೋಗುತ್ತಿದ್ದಳು. ಸುಮ್ಮನಿರಬೇಕೆಂಬ ಆಲೋಚನೆ ಅವಳಿಗೆ ಬಂದಂತೆಯೇ ಕಾಣಲಿಲ್ಲ. ಮತ್ತೆ ಕಟ್ಟು ಬಿಚ್ಚಿದರು. ಸಂಜೆಯೊಳಗೆ ಹೊಸ ಹಾಳೆ ಸಿದ್ಧವಾಯಿತು. ಮರದ ಕಾರ್ಖಾನೆಗೆ ಜವಾನನನ್ನು ಕಳುಹಿಸಿದರು. ಹುಡುಗ ಮೈಗೆಲ್ಲ ಹೊಟ್ಟು ಮೆತ್ತಿಕೊಂಡೇ ಓಡಿಬಂದ. ಹುಡುಗಿಗೆ ಬೇರೆ ದಿನ ಪರೀಕ್ಷೆ ನಡೆಸಿದರು. ಇಪ್ಪತ್ತಮೂರನೆಯವನ ಮನೆಗೆ ಸುದ್ದಿ ಮುಟ್ಟಿಸುವ ಕೆಲಸ ಯಾರಿಗೂ ಬೇಡವಾಗಿತ್ತು. ಬೆಲ್ಲ ಹಂಚಿಯಾಗಿತ್ತಲ್ಲ.

ಇದನ್ನು ಕೇಳಿ ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಪೈಥಾನಿನ ಪಕ್ಷ ವಹಿಸಿ ಮಾತನಾಡಿದಳು. ಈ ಕುಂದನ್ನು ಆ ಭಾಷೆಯವರೂ ಕಂಡುಕೊಂಡಿದ್ದರೆಂದಳು. 2021ರಲ್ಲಿ ಬಂದ 3.10 ಆವೃತ್ತಿಯಿಂದ ಜಿಪ್ಪಿಗೆ ‘ಸ್ಟ್ರಿಕ್ಟ್’ ಎಂಬ ಒಂದು ಕಟ್ಟಳೆಯನ್ನು ಸೇರಿಸಬಹುದು. ಸೇರಿಸಿದರೆ, ಪಟ್ಟಿಗಳ ಉದ್ದ ಸಮವಾಗಿಲ್ಲವೆಂದು ಕಂಡ ಕ್ಷಣದಲ್ಲಿಯೇ ಕ್ರಮವಿಧಿ ಕೂಗಿಕೊಂಡು ನಿಲ್ಲುತ್ತದೆ. ಪಾಣಿನಿಯ ‘ಸಮಸಂಖ್ಯೆ’ ಕೊನೆಗೂ ಬಂದಿತೆನ್ನಿ. ಆದರೆ ಹಳೆಯ ಕ್ರಮವಿಧಿಗಳು ಕೆಡಬಾರದೆಂದು ಅದನ್ನು ಕಡ್ಡಾಯಮಾಡಲಿಲ್ಲ. ಬೇಕೆಂದವರು ಕೇಳಿ ಪಡೆಯಬೇಕು. ಇದು ನನಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಹೊಸಬರಿಗೆ ಕಲಿಸುವಾಗಲಾದರೂ ಮೊದಲ ದಿನದಿಂದಲೇ ಈ ಕಟ್ಟಳೆಯೊಡನೆ ಕಲಿಸಬೇಕು. ಬ್ರೇಕನ್ನು ಆಮೇಲೆ ತೋರಿಸುತ್ತೇನೆಂದು ಯಾರಾದರೂ ಸೈಕಲ್ ಕಲಿಸುವರೆ?

ಇನ್ನೊಂದು ಸಾಧನವೂ ಇದೆ. ‘ಜಿಪ್ ಲಾಂಗೆಸ್ಟ್’ ಎಂದು ಅದರ ಹೆಸರು. ಅದು ಚಿಕ್ಕ ಪಟ್ಟಿಯಲ್ಲಿ ನಿಲ್ಲದೆ ದೊಡ್ಡ ಪಟ್ಟಿಯ ಕೊನೆಯವರೆಗೂ ಹೋಗಿ, ಕೊರತೆಯಾದ ಕಡೆ ನಾವು ಹೇಳಿದ ಮಾತನ್ನು ತುಂಬುತ್ತದೆ. ‘ಗೈರುಹಾಜರು ಎಂದು ತುಂಬು ಎನ್ನಬಹುದು’ ಎಂದು ಅವಳು ಉತ್ಸಾಹದಿಂದ ಬೆರಳಾಡಿಸಿದಳು. ತುಂಬಿತು, ಆದರೆ ಎಲ್ಲಿ? ನಲವತ್ತಮೂರರ ಎದುರಿಗೆ. ಆ ಶಾಲೆಯ ಹಾಳೆಯಲ್ಲಿ ಆದದ್ದೇ ಆಯಿತು. ಪರದೆಯನ್ನು ನೋಡಿ ಅವಳ ಕೈ ತಾನಾಗಿಯೇ ನಿಂತಿತು.

ಕಟ್ಟಳೆ ಎಷ್ಟೇ ಬಿಗಿಯಾಗಿರಲಿ, ಅದು ನೋಡುವುದು ಎಣಿಕೆಯನ್ನು. ಹೆಸರುಗಳ ಪಟ್ಟಿಯನ್ನು ಮಾತ್ರ ಅಕಾರಾದಿಯಾಗಿ ಜೋಡಿಸಿ, ಅಂಕಗಳ ಪಟ್ಟಿಯನ್ನು ಹಾಗೆಯೇ ಬಿಟ್ಟರೆ ಎಣಿಕೆ ಸಮವಾಗಿಯೇ ಇರುತ್ತದೆ. ಜಿಪ್ ಹಲ್ಲಿಗೆ ಹಲ್ಲು ಕಚ್ಚಿ ಮುಚ್ಚಿಕೊಳ್ಳುತ್ತದೆ. ಒಬ್ಬನ ಅಂಕವೂ ಅವನದಾಗಿರುವುದಿಲ್ಲ. 61 ಎಂಬುದು ಯಾರ ರಾತ್ರಿಗಳ ಓದಿನ ಫಲವೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಅದಕ್ಕೆ ಕಾಣುವುದು ಸ್ಥಾನ ಒಂದೇ. ಆದ್ದರಿಂದ ಅಂಕವನ್ನು ಬರೆದುಕೊಳ್ಳುವ ಗಳಿಗೆಯಲ್ಲಿಯೇ ಕ್ರಮಸಂಖ್ಯೆಯನ್ನು ಅದರ ಜೊತೆಗೆ ಕಟ್ಟಿಡಬೇಕೆಂದು ನಾನು ವಾದಿಸಿದೆ. ಪೈಥಾನಿನಲ್ಲಿ ಅದಕ್ಕೆ ಡಿಕ್ಷನರಿ ಎಂಬ ಏರ್ಪಾಡಿದೆಯಂತೆ. ಒಂದು ಕೀಲಿ, ಅದಕ್ಕೊಂದು ಬೆಲೆ. ಕೀಲಿಯನ್ನು ಹೇಳಿದರೆ ಬೆಲೆ ಕೈಗೆ ಬರುತ್ತದೆ, ಅದು ಎಷ್ಟನೆಯದೆಂಬ ಪ್ರಶ್ನೆಯೇ ಇಲ್ಲ. ಅವಳು ಹೆಸರನ್ನೇ ಕೀಲಿಯಾಗಿ ಇಡಹೊರಟಳು. ಒಂದು ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ? ಎರಡನೆಯವನು ಬಂದೊಡನೆ ಮೊದಲನೆಯವನ ಅಂಕ ಅಳಿಸಿಹೋಗುತ್ತದೆ, ಅದೂ ಸದ್ದಿಲ್ಲದೆ. ಕ್ರಮಸಂಖ್ಯೆಯೇ ಕೀಲಿಯಾಗಬೇಕೆಂದು ತೀರ್ಮಾನವಾಯಿತು. ಶಾಲೆಗಳಲ್ಲಿ ಮಕ್ಕಳಿಗೆ ಸಂಖ್ಯೆಯನ್ನು ಕೊಡುವುದು ಅವರ ಹೆಸರಿಗೆ ಅಗೌರವವೆಂದು ಕೆಲವರು ಹೇಳುತ್ತಾರೆ. ಇಬ್ಬರು ಮಂಜುನಾಥರು ಹಾಗೆ ಹೇಳಲಾರರು.

ಹದಿನೇಳನೆಯವಳ ಜಾಗದಲ್ಲಿ ಏನನ್ನು ಇಡುವುದೆಂಬುದು ಇನ್ನೂ ಉಳಿದಿತ್ತು. ಅವಳು ಸೊನ್ನೆ ಹಾಕಿದಳು. ನಾನು ಒಪ್ಪಲಿಲ್ಲ. ಪರೀಕ್ಷೆಗೆ ಕುಳಿತು ಒಂದು ಲೆಕ್ಕವನ್ನೂ ಬಿಡಿಸಲಾರದವನ ಸೊನ್ನೆ ಬೇರೆ, ಜ್ವರದಲ್ಲಿ ಮಲಗಿದ್ದವಳ ಬರಿದು ಬೇರೆ. ಪೈಥಾನಿನಲ್ಲಿ ‘ನನ್’ ಎಂಬ ಒಂದು ಬೆಲೆಯುಂಟು, ‘ಏನೂ ಇಲ್ಲ’ ಎಂದು ಅದರ ಅರ್ಥ. ಅದನ್ನು ಆ ಜಾಗದಲ್ಲಿ ಇಟ್ಟಳು. ವ್ಯಾಕರಣದಲ್ಲಿ ಅಕ್ಷರ ಕಾಣದಾದಾಗ ಸುಮ್ಮನೆ ಮುಂದೆ ಹೋಗದೆ, ‘ಇಲ್ಲಿ ಲೋಪ’ ಎಂದು ಹೆಸರಿಟ್ಟು ಗುರುತಿಸುತ್ತೇವಲ್ಲ, ಹಾಗೆ. ಸರಾಸರಿ ತೆಗೆಯಲು ಹೋದಾಗ ಕ್ರಮವಿಧಿ ಅಲ್ಲಿಯೇ ತಡೆದು ನಿಂತಿತು. ‘ಏನೂ ಇಲ್ಲ’ ಎಂಬುದನ್ನು ಸಂಖ್ಯೆಯೊಡನೆ ಕೂಡಲಾರೆನೆಂದಿತು. ಮೊಮ್ಮಗಳಿಗೆ ಬೇಸರವಾಯಿತು. ನನಗೆ ಆ ಯಂತ್ರದ ಮೇಲೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ.

ಗೈರುಹಾಜರಾದವರನ್ನು ಬಿಟ್ಟು ಉಳಿದವರದನ್ನು ಮಾತ್ರ ಕೂಡಬೇಕೆಂದು ಒಂದು ಸಾಲನ್ನು ಸೇರಿಸಿ, ನಾನು ಹೇಳಿದ ಅಂಕಗಳನ್ನು ಆಯಾ ಸಂಖ್ಯೆಗಳಿಗೆ ಹಾಕಿ, ಉಳಿದವನ್ನು ತನಗೆ ತೋರಿದಂತೆ ತುಂಬಿ ಅವಳು ಮತ್ತೊಮ್ಮೆ ಓಡಿಸಿದಳು. ಪರದೆಯ ಮೇಲೆ ಸಾಲುಗಳು ಇಳಿದುಬಂದವು. ಹದಿನೇಳು, ಗೈರುಹಾಜರು. ಹದಿನೆಂಟು, 61. ಇಪ್ಪತ್ತೆರಡು, 58. ಇಪ್ಪತ್ತಮೂರು, 19. ಕೊನೆಯವರೆಗೂ ಅವಳು ಬೆರಳಿಟ್ಟು ನೋಡುತ್ತ ಹೋದಳು. ನಲವತ್ತಮೂರರ ಎದುರಿಗೆ ಅವನಿಗೆಂದು ಹಾಕಿದ್ದ 47 ಇದ್ದಿತು.